ಭಂಡಾರ ಹಚ್ಚಿದ ಮೇಲೆ

ದೇವರ ಗೂಡಿನ ಪಕ್ಕದ ಮೊಳೆಗೆ ಅವ್ವನ ಭಂಡಾರದ ಚೀಲ ತೂಗುತ್ತಿರುತ್ತದೆ. ನಿನ್ನೆ ಬೆಳಿಗ್ಗೆ ಅದನ್ನು ಇಳಿಸಿದೆ. ಗಂಟು ಬಿಚ್ಚಿದ್ದೇ ತಡ, ಅರಿಸಿನದ ವಾಸನೆ, ಅದರ ಬೆನ್ನಿಗೇ ಹಳೆಯ ಕಂಬಳಿಯ ವಾಸನೆ. ಮಕ್ತಲ್‌ನ ಈ ಸಿಮೆಂಟಿನ ಮನೆ ಕರಗಿ, ಅವ್ವ ಓಡಾಡುತ್ತಿದ್ದ ಮಣ್ಣಿನ ಮಾಳಿಗೆಯ ಮನೆ ಮೆಲ್ಲಗೆ ಎದ್ದು ನಿಂತಂತಾಯಿತು.

ಚೀಲ ಇಳಿಸಲು ಕಾರಣವಿತ್ತು. ಮಗನಿಗೆ ಕೆ.ಟಿ. ದೊಡ್ಡಿಯ ಹುಡುಗಿ ಒಪ್ಪಿಗೆಯಾಗಿದ್ದಾಳೆ. ನಮ್ಮಲ್ಲಿ ಗಂಡಿನ ಮನೆಯ ಹಿರಿಯರು ಮೈಲಾರಲಿಂಗನ ಭಂಡಾರವನ್ನು ಹುಡುಗಿಯ ಹಣೆಗೆ ಹಚ್ಚಿದರೆ ಮಾತು ಮುಗಿದಂತೆ. ಆಮೇಲೆ ಹಿಂದೆ ಸರಿಯುವ ಹಾಗಿಲ್ಲ. ಹಚ್ಚಬೇಕಾದವನು ನಾನು. ನಾನೋ ಸುಮ್ಮನಿರಲಾರದೆ ಗದ್ವಾಲದಲ್ಲಿ ಜೋಯಿಸ ಹೇಳುವ ಪಂತುಲು ಒಬ್ಬರಿಗೆ ಹುಡುಗಿಯ ಜಾತಕ ತೋರಿಸಿ ಬಂದಿದ್ದೆ. "ಮೂಲಾ ನಕ್ಷತ್ರಂ. ಮಾಮಗಾರಿಕಿ ಮಂಚಿದಿ ಕಾದು," ಅಂದರು. ಮಾವನಿಗೆ ಒಳ್ಳೆಯದಲ್ಲವಂತೆ. ಮಾವ ಅಂದರೆ ನಾನೇ ನೋಡಿ. ಬಸ್ಸು ಹತ್ತುವ ಮುಂಚೆ ಫೋನಿನಲ್ಲಿ ರಾಹುಕಾಲ ನೋಡುವ, ಹಲ್ಲಿ ಲೊಚಗುಟ್ಟಿದರೆ ಎಡಕ್ಕೋ ಬಲಕ್ಕೋ ಎಂದು ಎದ್ದು ಕೂರುವ ಪ್ರಾಣಿ. ಅಂದಿನಿಂದ ಎದೆಯ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತಿದ್ದೆ.

ಅವ್ವ ಹೀಗಿರಲಿಲ್ಲ. ನನಗೆ ಹೆಣ್ಣು ನೋಡಲು ಉಟ್ಕೂರಿಗೆ ಹೋದಾಗ ಅವಳ ತಂಗಿ, ನನ್ನ ಚಿಗವ್ವ, ಕಿವಿಯಲ್ಲಿ ಪಿಸುಗುಟ್ಟಿದ್ದಳು: "ಯಕ್ಕಾ, ಹುಡುಗಿದು ಆಶ್ಲೇಷಾ ಐತಂತ. ಅತ್ತಿ ಜೀವಕ್ಕ ಕುತ್ತಂತ."

"ಸಾಯೋದು ನನ್ನ ಪಾಲಿಗೆ ಹ್ಯಾಂಗೂ ಬರದೈತಿ. ಅದನ್ನ ಆ ಕೂಸಿನ ತಲಿಮ್ಯಾಲ ಯಾಕ ಹೊರಸ್ತಿ?"

"ಪಂತುಲುಗಿಂತ ನಿನಗ ಹೆಚ್ಚಿಗಿ ತಿಳಿತೈತೇನು?"

"ನನಗ ಚುಕ್ಕಿ ಲೆಕ್ಕ ತಿಳ್ಯಂಗಿಲ್ಲ. ಚುಕ್ಕಿ ಯಾರವು ಅಂತ ಗೊತ್ತೈತಿ," ಎನ್ನುತ್ತ ಅವ್ವ ಚೀಲಕ್ಕೆ ಕೈಹಾಕಿ ಹುಡುಗಿಯ ಹಣೆ ತುಂಬ ಭಂಡಾರ ಬಳಿದೇಬಿಟ್ಟಳು. ಹುಡುಗಿ ಕಣ್ಣು ಮುಚ್ಚಿ ಕೂತಿದ್ದಳು. ರೆಪ್ಪೆಯ ಮೇಲೆ ಒಂದಿಷ್ಟು ಹಳದಿ ಉದುರಿತ್ತು. ಈಗಲೂ ಕನಸಿನಲ್ಲಿ ಒಮ್ಮೊಮ್ಮೆ ಆ ರೆಪ್ಪೆಗಳಷ್ಟೇ ಬರುತ್ತವೆ, ಮುಖವಿಲ್ಲದೆ.

ಆ ರೆಪ್ಪೆಗಳ ಒಡತಿ ನಿನ್ನೆ ನನ್ನ ಹಿಂದೆಯೇ ನಿಂತಿದ್ದಳು. "ನನ್ನ ಆಶ್ಲೇಷಾ ನಿಮ್ಮವ್ವಗ ಹಲ್ಲೆಲ್ಲಾ ಉದುರಿದ ಮ್ಯಾಲೂ ಹಾಲಾಗ ರೊಟ್ಟಿ ನೆನಸಿ ತಿನಿಸ್ತು," ಎಂದಳು. "ನಡೀರಿ, ಆಟೋ ಬಂದೈತಿ. ಜೀವದ ಹೆದರಿಕಿ ಇದ್ರ ಹೇಳ್ರಿ, ನಾನಾ ಹಚ್ಚತೀನಿ."

ಕೆ.ಟಿ. ದೊಡ್ಡಿಯಲ್ಲಿ ಹುಡುಗಿ ಎದುರು ಬಂದು ಕುಳಿತಳು. ಬಿಚ್ಚುತ್ತೇನೋ ಇಲ್ಲವೋ ಎಂಬಂತೆ ನನ್ನ ಕೈಯಲ್ಲಿದ್ದ ಚೀಲದ ಗಂಟನ್ನೇ ನೋಡುತ್ತಿದ್ದಳು. ನನ್ನ ಹೆದರಿಕೆಯಲ್ಲಿ ಅವಳ ಹೆದರಿಕೆಯ ನೆನಪೇ ನನಗೆ ಬಂದಿರಲಿಲ್ಲ.

"ಮಾವಾರ, ನನ್ನ ನಕ್ಷತ್ರ..." ಎಂದು ಶುರುಮಾಡಿ ತಲೆ ತಗ್ಗಿಸಿದಳು.

"ಅದು ದೇವ್ರದು ಬಿಡವ್ವ. ನಿಂದಲ್ಲ," ಎಂದೆ. ಮಾತು ಅವ್ವನದು; ಬಾಯಿ ಮಾತ್ರ ನನ್ನದು. ಭಂಡಾರ ಹಚ್ಚಿದೆ. ರಾಹುಕಾಲ ನೋಡುವುದನ್ನು ಮರೆತಿದ್ದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನೋಡಿದ್ದೆ, ಅದಿನ್ನೂ ಮುಗಿದಿರಲಿಲ್ಲ.

ಇವತ್ತು ಬೆಳಗಿನ ಜಾವ ಎದೆಯಲ್ಲಿ ಚುಳುಕ್ ಎಂದಿತು. ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಉಗುರಿನ ಸಂದಿಯಲ್ಲಿ ಇನ್ನೂ ಅರಿಸಿನವಿತ್ತು. ಬೀಗರ ಮನೆಯ ಹೋಳಿಗೆಯ ಮೇಲೆ ತಪ್ಪು ಹೊರಿಸಿ, ಮಗ್ಗುಲು ಬದಲಿಸಿ ಮಲಗಿದೆ.