ಐದನೆಯ ಭಾನುವಾರದ ಚಹಾ

ನಮ್ಮ ಸಭೆಯಲ್ಲಿ ನನಗೆ ಅನುಕರಿಸಲು ಬಾರದ ಕಂಠವಿಲ್ಲ. ಪಾಸ್ಟರು ಪ್ರಸಂಗದ ನಡುವೆ ಕನ್ನಡಕ ತೆಗೆದು "ಪ್ರಿಯರೇ" ಎಂದು ಬಿಡುವ ನಿಟ್ಟುಸಿರನ್ನು ನಾನು ಅವರಿಗಿಂತ ಚೆನ್ನಾಗಿ ಬಿಡುತ್ತೇನೆ. ಕಾರ್ಯದರ್ಶಿ ಸರ್ ನಿವೃತ್ತ ಹೆಡ್ಮಾಸ್ಟರು. ಪ್ರಕಟಣೆ ಓದುವಾಗ ಪ್ರತಿ ವಾಕ್ಯದ ಕೊನೆಗೆ "ಆಯ್ತಾ?" ಎಂದು ಕೇಳಿ ಇಡೀ ಸಭೆಯನ್ನು ನಾಲ್ಕನೇ ತರಗತಿಗೆ ಇಳಿಸುತ್ತಾರೆ. ಅದು ನನ್ನ ಹೆಚ್ಚು ಬೇಡಿಕೆಯ ಐಟಂ. ನನ್ನನ್ನೂ ನಾನು ಬಿಟ್ಟಿಲ್ಲ. ಗಾಯನ ಮಂಡಳಿಯ ಹುಡುಗಿಯರು ಎದುರಾದ ಕೂಡಲೇ ನನ್ನ ಧ್ವನಿ ತಾನಾಗಿ ದಪ್ಪಗಾಗಿ, ಯಾವುದೋ ವಾರ್ತಾವಾಚಕನದ್ದಾಗುವುದನ್ನು ನಾನೇ ಮಾಡಿ ತೋರಿಸಿದ್ದೇನೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನನಗೆ ಸಿಟ್ಟು ಬಂದಿದೆ, ಮತ್ತು ಆ ಸಿಟ್ಟಿನಲ್ಲಿ ನನ್ನ ಪಾಲೂ ಇದೆ.

ನಮ್ಮದು ಮಣಿಪಾಲದಿಂದ ಪರ್ಕಳಕ್ಕೆ ಹೋಗುವ ದಾರಿಯ ಬದಿಯ ಸಣ್ಣ ಚರ್ಚು. ವೇದಿಕೆಯ ಹಿಂದಿನ ಗೋಡೆಯಲ್ಲಿ, ಸಹೋದರರನ್ನು ಪ್ರೀತಿಸಬೇಕೆಂಬ ಮಾತು ನೀಲಿ ಬಣ್ಣದ ದೊಡ್ಡ ಅಕ್ಷರಗಳಲ್ಲಿದೆ. ಅದನ್ನು ನಾವು ಪ್ರತಿ ಭಾನುವಾರ ಓದುತ್ತೇವೆ. ಪ್ರಸಂಗ ಉದ್ದವಾದರೆ ಎರಡೆರಡು ಸಲ ಓದುತ್ತೇವೆ. ಆದರೆ ನಮ್ಮ ಸಭೆ ನಿಜವಾಗಿ ಸೇರುವುದು ಆರಾಧನೆ ಮುಗಿದ ಮೇಲೆ, ಹೊರಗಿನ ಹಲಸಿನ ಮರದ ಕೆಳಗೆ, ಚಹಾಕ್ಕೆ. ವಾರಕ್ಕೊಂದು ಮನೆಯವರು ಚಹಾ ತರಬೇಕು. ಜೊತೆಗೆ ಗೋಳಿಬಜೆಯೋ ಬನ್ಸೋ ಏನಾದರೊಂದು ತಿಂಡಿ. ಯಾವ ವಾರ ಯಾರ ಮನೆ ಎಂಬ ಇಡೀ ವರ್ಷದ ಪಟ್ಟಿಯನ್ನು ಜನವರಿಯಲ್ಲಿ ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ನಮ್ಮಲ್ಲಿ ಹುಡುಗನಿಗೆ ಹುಡುಗಿ ಸಿಕ್ಕುವುದು, ಹುಡುಗಿಗೆ ಕೆಲಸ ಸಿಕ್ಕುವುದು, ಜಗಳವಾಡಿದ ಅಣ್ಣತಮ್ಮಂದಿರು ಮತ್ತೆ ಮಾತಾಡುವುದು ಎಲ್ಲ ಆ ಪೇಪರ್ ಕಪ್ಪಿನ ಬಿಸಿಯಲ್ಲೇ.

ಆ ಪಟ್ಟಿಯನ್ನು ಟೈಪ್ ಮಾಡುವವನು ನಾನು. ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನನ್ನ ಕೆಲಸ. ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಬೈಂಡಿಂಗ್ ಹಾಕುತ್ತಾ, ಅವರಿಗಿಂತ ಹೆಚ್ಚು ವಿಷಯ ನನಗೆ ಗೊತ್ತಿರುವಂತೆ ತಲೆಯಾಡಿಸುತ್ತಾ ದಿನ ಕಳೆಯುತ್ತೇನೆ.

ಎರಡು ವರ್ಷದ ಹಿಂದೆ ಗದಗದ ಕಡೆಯ ಒಂದು ಸಂಸಾರ ನಮ್ಮ ಸಭೆಗೆ ಬಂತು. ಗಂಡ ಗಾರೆ ಕೆಲಸದವರು, ಹೆಂಡತಿಯೂ ಅವರ ಜೊತೆಗೇ ಕೆಲಸಕ್ಕೆ ಹೋಗುವವರು, ಸೊಂಟದಲ್ಲೊಂದು ಹೆಣ್ಣುಮಗು. ಪರ್ಕಳದಲ್ಲಿ ಬಾಡಿಗೆ ರೂಮು. ಊರಿನ ಸಭೆಯಿಂದ ಪತ್ರ ತಂದಿದ್ದರು. ಪಾಸ್ಟರು ಅದನ್ನು ಓದಿ, ಇಂದಿನಿಂದ ಇವರು ನಮ್ಮವರು ಎಂದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವರು ಹೋಗಿ ಕೊನೆಯಿಂದ ಎರಡನೆಯ ಬೆಂಚಿನಲ್ಲಿ ಕುಳಿತರು. ಮುಂದಿನ ವಾರ, ಆ ಬೆಂಚಿಗೆ ಫ್ಯಾನಿನ ಗಾಳಿ ಬರುವುದಿಲ್ಲ ಎಂಬ ಸಂಗತಿ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಅಷ್ಟು ವರ್ಷ ಅದೇ ಬೆಂಚಿನಲ್ಲಿ ಸುಖವಾಗಿ ತೂಕಡಿಸಿದವರಿಗೂ ಹೊಳೆಯಿತು.

ಆಗ ನಾನೇನು ಮಾಡಿದೆ? ಐಟಂ ಮಾಡಿದೆ. ಗಂಡನ ಮಾತು, ಅವರು ಬಾಗಿ ಕೈ ಮುಗಿಯುವ ರೀತಿ, "ಏನ್ರೀ ಯಪ್ಪಾ, ಆರಾಮ್ರೀ?" ಎಂಬ ಎಳೆತ. ನಮ್ಮ ಯುವಕೂಟದಲ್ಲಿ ಮೊದಲು, ಆಮೇಲೆ ಕಾಪುವಿನ ಸಭೆಯಲ್ಲಿ, ಆಮೇಲೆ ಕಾರ್ಕಳದಲ್ಲಿ. ಕಾರ್ಕಳದಲ್ಲಿ ಒನ್ಸ್ ಮೋರ್ ಕೂಡ ಆಯಿತು. ಕೆಲವೇ ವಾರಗಳಲ್ಲಿ ನಮ್ಮ ಭಾನುವಾರ ಶಾಲೆಯ ಮಕ್ಕಳು ಅವರನ್ನು ಕಂಡರೆ ಸಾಕು, "ಏನ್ರೀ ಯಪ್ಪಾ" ಎಂದು ಕೂಗಿ ಓಡತೊಡಗಿದರು. ಅವರಿಗೆ ನಮ್ಮ ಸಭೆಯಲ್ಲಿ ಸಿಕ್ಕ ಮೊದಲ ಸ್ಥಾನ ಅದು, ಕೊಟ್ಟವನು ನಾನು.

ಎರಡನೆಯ ಸ್ಥಾನ ಕ್ರಿಸ್ಮಸ್ಸಿಗೆ ಸಿಕ್ಕಿತು. ಅಕ್ಕಿ, ಎಣ್ಣೆ, ಬೇಳೆ, ಸಕ್ಕರೆಯ ಒಂದು ಕಿಟ್. ಕೊಡುವಾಗ ಫೋಟೋ, ಫೋಟೋ ವಾಟ್ಸ್ಯಾಪ್ ಗುಂಪಿನಲ್ಲಿ, ಅದರ ಕೆಳಗೆ ನಮ್ಮೆಲ್ಲರ ಮುಗಿದ ಕೈಗಳು. ಅವರು ಕಿಟ್ ಕೇಳಿರಲಿಲ್ಲ. ಅವರು ಕೇಳಿದ್ದು ಬೇರೆ.

ಆ ಡಿಸೆಂಬರಿನ ಒಂದು ಭಾನುವಾರ ಹಲಸಿನ ಮರದ ಕೆಳಗೆ ಗಾರೆಯವರ ಹೆಂಡತಿ ನನ್ನ ಬಳಿ ಬಂದರು.

"ತಮ್ಮಾ, ಪಟ್ಟಿ ಬರಿಯಾಂವ ನೀನಂತಲ್ಲ. ನಮ್ಮ ಪಾಳಿ ಯಾವಾಗ ಬರ್ತೈತಿ?"

"ಯಾವ ಪಾಳಿ ಅಕ್ಕಾ?"

"ಚಾದ ಪಾಳಿ. ಒಂದ್ ವರ್ಷ ಎಲ್ಲಾರ ಮನಿ ಚಾ ಕುಡದೇವಿ. ನಾವೂ ಕುಡಸಬ್ಯಾಡೇನು?" ಕೈಯ ಕಪ್ಪನ್ನು ತೋರಿಸುತ್ತಾ ಸೇರಿಸಿದರು, "ನಮ್ಮೂರಾಗ ಪಾಳಿ ಇಲ್ಲದ ಮನಿ ಅಂದ್ರ ಸಭಾಕ್ಕ ಸೇರದ ಮನಿ ಇದ್ದಂಗ."

ನಾನು ಆ ಕ್ಷಣಕ್ಕೆ ನಕ್ಕು, ಖಂಡಿತ ಬರೆಸುತ್ತೇನೆ ಎಂದೆ. ಜನವರಿಗೆ ಮೊದಲು ಕಾರ್ಯದರ್ಶಿ ಸರ್ ಕೈಬರಹದ ಪಟ್ಟಿ ಹಿಡಿದುಕೊಂಡು ಅಂಗಡಿಗೆ ಬಂದರು. ಓದಿ ನೋಡಿದೆ. ನಲವತ್ತು ಚಿಲ್ಲರೆ ಮನೆಗಳಲ್ಲಿ ಆ ಒಂದು ಮನೆ ಇರಲಿಲ್ಲ.

"ಸರ್, ಪರ್ಕಳದವರ ಮನೆ ಬಿಟ್ಟು ಹೋಗಿದೆ."

"ಬಿಟ್ಟು ಹೋದದ್ದಲ್ಲ ಮಾರಾಯ, ಬಿಟ್ಟದ್ದು. ಪಾಪ, ಬಾಡಿಗೆ ರೂಮಿನಲ್ಲಿ ಇರುವವರು. ಇಷ್ಟು ಜನಕ್ಕೆ ಚಹಾ ಅಂದರೆ ಅವರಿಗೆ ಹೊರೆ ಆಗುವುದಿಲ್ವಾ?"

"ಅವರೇ ಕೇಳಿದ್ದು ಸರ್."

"ಕೇಳುವುದು ಅವರ ಒಳ್ಳೆಯತನ. ಬೇಡ ಅನ್ನುವುದು ನಮ್ಮ ಒಳ್ಳೆಯತನ. ಆಯ್ತಾ?" ಎಂದವರು ಧ್ವನಿ ತಗ್ಗಿಸಿದರು. "ಮತ್ತೆ ನೀರು ಎಲ್ಲಿಯದ್ದೋ, ಪಾತ್ರೆ ಎಂತದ್ದೋ. ನಾಲ್ಕು ಜನ ಕುಡಿಯದೆ ಹೋದರೆ ಅವರಿಗೇ ಬೇಜಾರು ಅಲ್ವಾ? ನಾನು ಅವರ ಬಗ್ಗೆಯೇ ಯೋಚಿಸುವುದು."

ಇದೇ ಸರ್ ಉಡುಪಿಯ ಬಸ್ ಸ್ಟ್ಯಾಂಡಿನ ಬಳಿ, ಗಾಡಿಯವನು ತಟ್ಟೆ ತೊಳೆಯುವ ಬಕೆಟಿಗೆ ಬೆನ್ನು ಹಾಕಿ ನಿಂತು ಎರಡು ಪ್ಲೇಟು ಚುರುಮುರಿ ತಿನ್ನುವುದನ್ನು ನಾನು ಕಂಡಿದ್ದೇನೆ. ಆ ಗಾಡಿಯವನ ನೀರಿನ ಊರು ಯಾವುದೆಂದು ಅವರು ಕೇಳಿದ್ದನ್ನು ಮಾತ್ರ ಕಂಡಿಲ್ಲ. ಈ "ಪಾಪ" ಎಂಬ ಮಾತು ಕೇಳಿದರೆ ನನಗೆ ಈಗ ಮೈ ಉರಿಯುತ್ತದೆ. ಒಬ್ಬರನ್ನು ಪಾಪ ಎಂದುಬಿಟ್ಟರೆ ಮುಗಿಯಿತು. ಆಮೇಲೆ ಅವರಿಗೆ ಅಕ್ಕಿ ಕೊಡಬಹುದು, ಹಳೆಯ ಸೀರೆ ಕೊಡಬಹುದು, ಅವರಿಗಾಗಿ ಕಣ್ಣು ಮುಚ್ಚಿ ಪ್ರಾರ್ಥಿಸಬಹುದು. ಅವರ ಕೈಯಿಂದ ಒಂದು ಕಪ್ ಚಹಾ ಮಾತ್ರ ತೆಗೆದುಕೊಳ್ಳಬೇಕಾಗಿಲ್ಲ. ಕೊಡುವಾಗ ನಮ್ಮ ಕೈ ಮೇಲಿರುತ್ತದೆ, ಅದಕ್ಕೇ ಕೊಡುವುದು ನಮಗೆ ಅಷ್ಟು ಇಷ್ಟ. ಗೋಡೆಯ ಮೇಲೆ ಬರೆದದ್ದು ಸಹೋದರರ ವಿಷಯ. ಅಣ್ಣನ ಮನೆಯಲ್ಲಿ ಚಹಾ ಕುಡಿಯದೆ ಬರೇ ಕಿಟ್ ಇಟ್ಟು ಬರುವ ತಮ್ಮನನ್ನು ಯಾವ ಊರಿನಲ್ಲಿ ತಮ್ಮ ಎನ್ನುತ್ತಾರೆ?

ಇದೆಲ್ಲ ನಾನು ಸರ್‌ಗೆ ಹೇಳಿದೆನೇ? ಇಲ್ಲ. "ಆದರೂ ಸರ್, ಆದರೂ" ಎಂದು ಮೂರು ಸಲ ಹೇಳಿದೆ, ಅಷ್ಟೇ. ಅವರು ಪೆನ್ನು ತೆಗೆದು, ಒಂದು ಖಾಲಿ ಸಾಲಿನಲ್ಲಿ ಪರ್ಕಳದವರನ್ನು ಬರೆದರು. "ಬರೆದೆ. ಸಮಾಧಾನ ಆಯ್ತಾ?" ಎಂದರು. ನಾನು ಗೆದ್ದೆನೆಂದು ಉಬ್ಬಿ ಟೈಪ್ ಮಾಡಿದೆ, ಪ್ರಿಂಟ್ ತೆಗೆದೆ, ಲ್ಯಾಮಿನೇಷನ್ ಮಾಡಿದೆ. ಬಿಸಿ ಬಿಸಿ ಹಾಳೆ ಕೈಗೆ ಬಂದ ಮೇಲೆ ಕಂಡಿತು. ಅವರಿಗೆ ಕೊಟ್ಟದ್ದು ಒಂದು ತಿಂಗಳ ಐದನೆಯ ಭಾನುವಾರ. ಐದನೆಯ ಭಾನುವಾರ ಬಂದರೆ ಸುತ್ತಲಿನ ಸಭೆಗಳೆಲ್ಲ ಉಡುಪಿಯಲ್ಲಿ ಒಟ್ಟಾಗಿ ಆರಾಧನೆ ಮಾಡುವುದು ರೂಢಿ. ಅಂದು ನಮ್ಮ ಚರ್ಚಿಗೆ ಬೀಗ. ಬೀಗ ಹಾಕಿದ ಚರ್ಚಿನ ಹೊರಗೆ ಹಲಸಿನ ಮರಕ್ಕೆ ಅವರು ಚಹಾ ಕೊಡಬೇಕು.

"ಸರ್, ಇದು ಐದನೆಯ ಭಾನುವಾರ."

"ಪಟ್ಟಿಯಲ್ಲಿ ಉಂಟಲ್ವಾ? ಮತ್ತೆಂತ ಬೇಕು ನಿನಗೆ?"

ನಾನು ಹಾಳೆಯನ್ನು ಕವರಿಗೆ ಹಾಕಿ ಕೊಟ್ಟೆ. ಹರಿಯಬಹುದಿತ್ತು. ಹರಿಯದ ಹಾಗೆ ಲ್ಯಾಮಿನೇಷನ್ ಮಾಡಿದ್ದೂ ನಾನೇ.

ಅಕ್ಕ ಬೋರ್ಡಿನ ಮುಂದೆ ನಿಂತು, ಬೆರಳು ಇಟ್ಟು ಸಾಲು ಸಾಲು ಇಳಿದು, ತಮ್ಮ ಮನೆ ಸಿಕ್ಕಿದಾಗ ಅಲ್ಲೇ ಬೆರಳು ನಿಲ್ಲಿಸಿ ಗಂಡನನ್ನು ಕರೆದರು. ಫೋಟೋ ತೆಗೆದು ಊರಿನ ತಾಯಿಗೆ ಕಳಿಸಿದರು. ನಾನು ಹಲಸಿನ ಮರದ ಹಿಂದೆ ಯಾರದ್ದೋ ಬನ್ಸ್ ತಿನ್ನುತ್ತಿದ್ದೆ. ಅದನ್ನು ಕೆಳಗಿಟ್ಟು ಹೋಗಿ ನಿಜ ಹೇಳಬಹುದಿತ್ತು. ಪೂರ್ತಿ ತಿಂದೆ, ಸುಳ್ಳು ಯಾಕೆ ಹೇಳಲಿ.

ಸತ್ಯ ಹೇಳಲು ಹೋದದ್ದು ಆ ಭಾನುವಾರಕ್ಕೆ ಒಂದು ವಾರ ಇರುವಾಗ. ಪರ್ಕಳದ ರೂಮಿನ ಹೊಸ್ತಿಲಲ್ಲಿ ಗಂಡ ಕೈಯ ಸಿಮೆಂಟು ತೊಳೆಯುತ್ತಿದ್ದರು. ಒಳಗೆ ಅಕ್ಕ ಶೇಂಗಾ ಹುರಿಯುತ್ತಿದ್ದರು, ಹೋಳಿಗೆಗೆ. ನಾನು ಎಲ್ಲ ಹೇಳಿದೆ. ಸರ್ ಹೇಳಿದ ಮಾತು, ಬೀಗ, ಉಡುಪಿ, ನನ್ನ ಲ್ಯಾಮಿನೇಷನ್, ಎಲ್ಲವನ್ನೂ. ಒಳಗೆ ಸೌಟಿನ ಸದ್ದು ನಿಂತಿತು. ಗಂಡ ಬೆರಳುಗಳ ಸಂದು ತಿಕ್ಕುತ್ತಲೇ ಕೇಳಿದರು.

"ಉಡುಪ್ಯಾಗ ಅವತ್ತ ಚಾ ಯಾರ ಪಾಳಿ?"

"ಅಲ್ಲಿ ಚಹಾ ಇರುವುದಿಲ್ಲ. ಮುಗಿದ ಮೇಲೆ ಎಲ್ಲ ಹೋಟೆಲಿಗೆ ಹೋಗುತ್ತಾರೆ."

"ಹಂಗಾರ ಪಾಳಿ ನಮ್ಮದ ಐತಲ್ಲ."

ಒಳಗಿನಿಂದ ಅಕ್ಕ ಕೇಳಿದರು, "ಎಷ್ಟ ಮಂದಿ ಬರ್ತಾರ ತಮ್ಮಾ ಅಲ್ಲಿ?" ಸೌಟು ಮತ್ತೆ ಸದ್ದು ಮಾಡತೊಡಗಿತು.

ಹೊರಡುವಾಗ ಗಂಡ ನನ್ನ ಭುಜ ಹಿಡಿದು ನಿಲ್ಲಿಸಿದರು. "ನೀ ನನ್ನಂಗ ಮಾಡೂದು ನಾ ನೋಡೇನಿ. ಯಾರೋ ಮೊಬೈಲಿನ್ಯಾಗ ತೋರ್ಸಿದ್ರು. ಛಲೋ ಮಾಡ್ತಿ." ತಲೆ ಓರೆ ಮಾಡಿ ನನ್ನ ಮುಖ ನೋಡಿದರು. "ಆದ್ರ ನಾ ಅಷ್ಟ ಹಲ್ಲ ಕಿಸಿಯೂದಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕೆಲಸ ನೋಡಿದವರ ಹಾಗೆ, ಗೋಡೆ ಎಲ್ಲಿ ಓರೆಯಾಗಿದೆ ಎಂದು ತೋರಿಸುವವರ ಹಾಗೆ ಹೇಳಿದರು.

ಆ ಭಾನುವಾರ ಉಡುಪಿಯ ಚರ್ಚಿನ ಗೇಟಿನೊಳಗೆ ಒಂದು ಆಟೋ ಬಂತು. ಹಿಂದಿನ ಸೀಟಿನಲ್ಲಿ ಹಗ್ಗ ಕಟ್ಟಿದ ಸ್ಟೀಲಿನ ಚಹಾ ಡ್ರಮ್ಮು, ಅದನ್ನು ತಬ್ಬಿ ಹಿಡಿದ ಅಕ್ಕ, ತೊಡೆಯ ಮೇಲೆ ಮಗು. ಮುಂದೆ ಡ್ರೈವರಿನ ಪಕ್ಕ ಅರ್ಧ ಹೊರಗಿದ್ದ ಗಂಡನ ಕೈಯಲ್ಲಿ ಹೋಳಿಗೆಯ ಬುಟ್ಟಿ. ನಾನು ಮೇಜು ಹಾಕಿ ಕಾದಿದ್ದೆ. ಆರಾಧನೆ ಮುಗಿದು ಜನ ಹೊರಗೆ ಬರುತ್ತಿದ್ದಂತೆ ಗಂಡ ತಮ್ಮ ಅಸಲಿ ಧ್ವನಿಯಲ್ಲಿ ಕೂಗಿದರು, "ಬರ್ರೀ ಯಪ್ಪಾ, ಚಾ ತಗೋರಿ! ಹೋಳಗಿ ತಗೋರಿ!"

ಕಾರ್ಕಳದ ಯುವಕೂಟದ ಒಬ್ಬ ಹೊಟ್ಟೆ ಹಿಡಿದು ನಗುತ್ತಾ ನನ್ನ ಬಳಿ ಓಡಿ ಬಂದ. "ಎಂತ ಮಾರಾಯ, ಇವರು ನಿನ್ನ ಐಟಂ ಮಾಡುತ್ತಾ ಇದ್ದಾರಲ್ಲ! ಥೇಟ್ ನಿನ್ನ ಹಾಗೆಯೇ!"

"ಅದು ಐಟಂ ಅಲ್ಲ. ಅವರು ಮಾತಾಡುವುದೇ ಹಾಗೆ."

"ಹೌದಾ? ಹಾಗಾದರೆ ನೀನು..." ಎಂದವನು ಅಲ್ಲಿಗೇ ನಿಲ್ಲಿಸಿದ. ನಗುವೂ ನಿಂತಿತು. ಹೋಗಿ ಎರಡು ಕೈಯಲ್ಲಿ ಕಪ್ಪು ತೆಗೆದುಕೊಂಡ. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯುತ್ತಮ ಮಿಮಿಕ್ರಿಗೆ ಸಿಕ್ಕ ವಿಮರ್ಶೆ ಅದು. ಒಬ್ಬ ಮನುಷ್ಯ ತನ್ನ ಬಾಯಲ್ಲಿ ತಾನೇ ಮಾತಾಡಿದರೆ ನನ್ನ ನಕಲಿನಂತೆ ಕೇಳಿಸುವಷ್ಟು ಚೆನ್ನಾಗಿ ನಾನು ಅವರ ಧ್ವನಿಯನ್ನು ಕದ್ದಿದ್ದೆ.

ಕಾಪುವಿನ ಹೆಂಗಸರು ಶಂಕರಪುರ ಮಲ್ಲಿಗೆ ಮುಡಿದುಕೊಂಡು ಸಾಲಾಗಿ ಬಂದರು. ಎರಡೆರಡು ಕಪ್ ಕುಡಿದು, ಹೋಳಿಗೆಯ ಹೂರಣಕ್ಕೆ ಬೆಲ್ಲ ಎಷ್ಟು ಎಂದು ಅಕ್ಕನನ್ನು ಸುತ್ತುಗಟ್ಟಿ ಕೇಳಿದರು. ಅವರಿಗೆ ಯಾವ ಪಟ್ಟಿಯೂ ಗೊತ್ತಿರಲಿಲ್ಲ, ಹಾಗಾಗಿ ಅವರಿಗೆ ಬಾಯಾರಿಕೆಯಾಗಿತ್ತು. ನಮ್ಮ ಸಭೆಯವರು ಮಾತ್ರ ಕಾರುಗಳ ಹತ್ತಿರ ಗುಂಪಾಗಿ ನಿಂತಿದ್ದರು. ಒಬ್ಬರಿಗೆ ಶುಗರು, ಇನ್ನೊಬ್ಬರಿಗೆ ಗ್ಯಾಸು, ಮತ್ತೊಬ್ಬರು ಈಗಷ್ಟೇ ಕುಡಿದವರು. ಎಲ್ಲಿ ಕುಡಿದರು, ಪ್ರಸಂಗದ ನಡುವೆಯೇ? ದಿನಕ್ಕೆ ನಾಲ್ಕು ಚಹಾ ಕುಡಿಯುವ ನನ್ನ ಅಮ್ಮ ಕೂಡ ಆ ಗುಂಪಿನಲ್ಲಿ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ನಾನು ಅವರನ್ನೇ ನೋಡಿದೆ. ಅಮ್ಮ ಬೇರೆ ಕಡೆ ನೋಡಿದರು. ಮತ್ತೆ ನೋಡಿದೆ. "ಎಂತ ಗುರಾಯಿಸುವುದು ನೀನು?" ಎಂದು ಬೈಯುತ್ತಾ ಮೇಜಿನ ಹತ್ತಿರ ಬಂದು ಕುಡಿದರು. "ಶುಂಠಿ ಹಾಕಿದ್ದಾರೆ, ಒಳ್ಳೆಯದುಂಟು" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ, ಇನ್ನೊಂದು ಕಪ್ ತುಂಬಿಸಿಕೊಂಡರು. ಅಮ್ಮನ ಹಿಂದೆ ಇನ್ನಿಬ್ಬರು ಬಂದರು. ಅಷ್ಟೇ. ಉಳಿದವರು ಬರಲಿಲ್ಲ.

ಕಾರ್ಯದರ್ಶಿ ಸರ್ ಹತ್ತಿರ ಅಕ್ಕನೇ ಹೋದರು, ಕಪ್ಪು ಹಿಡಿದುಕೊಂಡು. "ಸರ್ರ, ನಮಗ ಪಾಳಿ ಕೊಟ್ಟವರು ನೀವು. ನೀವು ಕುಡೀಲಾರದ ಹ್ಯಾಂಗ?" ಅಕ್ಕನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪಕ್ಕದಲ್ಲಿ ಪಾಸ್ಟರು, ಎದುರಿಗೆ ಕಾಪುವಿನ ಹೆಂಗಸರು. ಸರ್ ಕಪ್ಪು ತೆಗೆದುಕೊಂಡರು. ಅರ್ಧ ಕುಡಿದರು. ಉಳಿದ ಅರ್ಧವನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು, ಕಾರಿನ ಕೀ ಹುಡುಕುತ್ತಾ ಹೋದರು. ಆ ಅರ್ಧ ಕಪ್ಪಿನ ಮೇಲೆ ನನಗೆ ಈಗಲೂ ಸಿಟ್ಟಿದೆ. ಅಕ್ಕ ಅದನ್ನು ನೋಡಿದರು, ತೆಗೆದು ಚೆಲ್ಲಿದರು, ಡ್ರಮ್ಮಿನ ಹತ್ತಿರ ಹಿಂದಿರುಗಿದರು. ಡ್ರಮ್ಮು ಆಗಲೇ ಖಾಲಿಯಾಗಿತ್ತು.

ಗಾರೆಯವರ ಐಟಂ ನಾನು ಆಮೇಲೆ ಎಲ್ಲಿಯೂ ಮಾಡಿಲ್ಲ. ಭಾನುವಾರ ಶಾಲೆಯ ಮಕ್ಕಳನ್ನು ಕೂರಿಸಿ, ಅದು ನನ್ನ ತಪ್ಪು ಎಂದು ನನ್ನದೇ ಧ್ವನಿಯಲ್ಲಿ ಹೇಳಿದೆ. ನನ್ನದೇ ಧ್ವನಿಯಲ್ಲಿ ಮಾತಾಡುವ ಅಭ್ಯಾಸವಿಲ್ಲದೆ ತೊದಲಿದೆ, ಮಕ್ಕಳು ಅದಕ್ಕೂ ನಕ್ಕರು. ಈಗ ಕೊನೆಯಿಂದ ಎರಡನೆಯ ಬೆಂಚಿನಲ್ಲಿ, ಅವರ ಪಕ್ಕ, ನಾನೂ ಅಮ್ಮನೂ ಕೂರುತ್ತೇವೆ. ಗಾಳಿ ಚೆನ್ನಾಗಿಯೇ ಬರುತ್ತದೆ.

ಈ ವರ್ಷದ ಪಟ್ಟಿಯ ಕೈಬರಹ ಮೊನ್ನೆ ಅಂಗಡಿಗೆ ಬಂತು. ಫೆಬ್ರವರಿಯ ಮೂರನೆಯ ಭಾನುವಾರ, ಸರ್ ಅವರದ್ದೇ ಗುಂಡು ಅಕ್ಷರದಲ್ಲಿ, ಪರ್ಕಳದವರ ಮನೆ. ನಮ್ಮದೇ ಚರ್ಚು, ಬೀಗವಿಲ್ಲದ ದಿನ. ಸಂತೋಷದಿಂದ ಮುಂದೆ ಓದಿದರೆ, ಅದರ ಪಕ್ಕದಲ್ಲಿ ಕಂಸದೊಳಗೆ ಸಣ್ಣದಾಗಿ ಒಂದು ಸೂಚನೆ ಇತ್ತು: ಪ್ಯಾಕೆಟ್ ಬಿಸ್ಕೆಟ್ ಸಾಕು. ಬೇರೆ ಯಾವ ಮನೆಯ ಮುಂದೆಯೂ ಕಂಸವಿರಲಿಲ್ಲ.

ನಾನು ಇಡೀ ಪಟ್ಟಿ ಟೈಪ್ ಮಾಡಿದೆ. ಆ ಕಂಸವನ್ನು ಮಾಡಲಿಲ್ಲ. ಲ್ಯಾಮಿನೇಷನ್ ಮಾತ್ರ ಈ ಸಲ ಎರಡು ಪದರ ಹಾಕಿದೆ. ಅಕ್ಕ ಶೇಂಗಾ ತರಿಸಿಯೂ ಆಗಿದೆ. ಬಿಸ್ಕೆಟಿನ ಮಾತು ಬಿಟ್ಟು ಹೋಗಿದೆಯಲ್ಲ ಎಂದು ಸರ್ ಬಂದು ಕೇಳಿದರೆ ಉತ್ತರ ಬಾಯಲ್ಲೇ ಇದೆ, ಅವರದ್ದೇ ಧ್ವನಿಯಲ್ಲಿ: "ಬಿಟ್ಟು ಹೋದದ್ದಲ್ಲ ಸರ್, ಬಿಟ್ಟದ್ದು. ಆಯ್ತಾ?"