ಬಂಡಿಗೆ ಅಂಜದ ಚಿಗರಿ

ಹೋದ ತಿಂಗಳು ಗುಲ್ಬರ್ಗಾದ ಒಂದು ಫೋಟೋ ಅಂಗಡಿಯಲ್ಲಿ, ಚರ್ಚಾಸ್ಪರ್ಧೆಯಲ್ಲಿ ಗೆದ್ದ ನಮ್ಮ ತಂಡ ಸಾಲಾಗಿ ಕೂತಿತ್ತು. ನಡುವೆ ನಾನು, ಎರಡೂ ಕೈಯಲ್ಲಿ ಗೆದ್ದ ಢಾಲು ಹಿಡಿದುಕೊಂಡು. ಕತ್ತಲೆ ಕೋಣೆಯ ಪರದೆ ಸರಿದು ಫೋಟೋ ತೊಳೆಯುವ ಹೈಪೋದ ವಾಸನೆ ಹೊರಗೆ ಬಂತು. ಹುಳಿಯಂತೆ, ಹಸಿ ಗೋಡೆಗೆ ಗಂಧಕ ಸವರಿದಂತೆ... ಆ ಫೋಟೋದಲ್ಲಿ ನಾನೊಬ್ಬನೇ ತಲೆ ತಗ್ಗಿಸಿದ್ದೇನೆ. ಗೆಳೆಯರು ಅದನ್ನು ವಿನಯ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಸಿಂಧನೂರಿನಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯಿಂದ ಇದೇ ವಾಸನೆ ಬರುತ್ತಿತ್ತು. ಆ ಮನೆಯ ಯಜಮಾನರನ್ನು ಊರೆಲ್ಲ ಫೋಟೋ ಕಾಕಾ ಅನ್ನುತ್ತಿತ್ತು. ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಪರದೆಯ ಮೇಲೆ ಒಂದು ಕೊಳ, ಕೊಳದಲ್ಲಿ ನಮ್ಮ ಸೀಮೆಯವರು ಯಾರೂ ಕಾಣದ ಹಂಸ. ಹೊಸದಾಗಿ ಮದುವೆಯಾದವರು ಅದರ ಮುಂದೆ ಕೂರುತ್ತಿದ್ದರು. ಉಳಿದಂತೆ ಕಾಕಾಗೆ ಕರೆ ಬರುತ್ತಿದ್ದದ್ದು ಸಾವಿನ ಮನೆಗಳಿಂದ. ನಮ್ಮ ಲಿಂಗವಂತರಲ್ಲಿ ತೀರಿಕೊಂಡವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಸುತ್ತ ಮನೆಮಂದಿ ಕೂತು ಫೋಟೋ ತೆಗೆಸುವ ರೂಢಿ. ಎಷ್ಟೋ ಮುದುಕರಿಗೆ ಹುಟ್ಟಿದಾರಭ್ಯ ಅದೊಂದೇ ಫೋಟೋ. ಕಣ್ಣು ಅರೆ ತೆರೆದಿದ್ದರೆ ಕಾಕಾ ತಾವೇ ಹೋಗಿ ಹಗುರವಾಗಿ ಮುಚ್ಚಿ ಬಂದು, ಆಮೇಲೆ ಕ್ಯಾಮೆರಾದ ಹಿಂದೆ ಕರಿಬಟ್ಟೆ ಹೊದ್ದುಕೊಳ್ಳುತ್ತಿದ್ದರು.

ಇದು ಅವರ ಹೊಟ್ಟೆಪಾಡು. ಜೀವ ಇದ್ದದ್ದು ಬೇರೆ ಕಡೆ. ಹಿತ್ತಲ ಬೇವಿನ ಗಿಡದ ಕೆಳಗೆ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಕಿಟಕಿಗೆ ಗೋಣಿ ಕಟ್ಟಿ, ಅದರ ತೂತಿನಿಂದ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದರು. ಅವರ ಹೆಂಡತಿ, ನಮಗೆ ಕಾಕು, ಒಳಗಿನಿಂದ ಕೂಗುತ್ತಿದ್ದರು: "ಆ ಗುಬ್ಬಿಗೇನು ಲಗ್ನ ನಿಶ್ಚೆ ಆಗೈತೇನ್ರೀ? ದಿನಾ ಫೋಟೋ ತೆಗೀತೀರಲ್ಲ!"

ನನಗೆ ಆಗ ಹದಿನೈದು ತುಂಬಿತ್ತು. ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಒಂದು ವರ್ಷವಾಗಿರಬೇಕು. ಎದುರಿಗೆ ಸಿಕ್ಕವರೊಂದಿಗೆ ವಾದ ಹೂಡುವುದು ನನ್ನ ಚಟ. ದೇವರಿದ್ದಾನೋ ಇಲ್ಲವೋ ಎಂದು ಮಠದ ಅಯ್ಯನವರನ್ನೇ ಕೇಳಿ ಅವ್ವನಿಂದ ಬೈಸಿಕೊಂಡಿದ್ದೆ. ಕಾಕಾರನ್ನೂ ಬಿಡಲಿಲ್ಲ.

"ಕಾಕಾ, ಹಕ್ಕಿ ಫೋಟೋ, ಚಿಗರಿ ಫೋಟೋ ಯಾರು ಕೊಳ್ತಾರ್ರೀ?"

"ಯಾರೂ ಕೊಳ್ಳಾಂಗಿಲ್ಲ."

"ಮತ್ತ ಯಾಕ ತೆಗೀತೀರಿ?"

"ಲೇ ತಮ್ಮಾ, ಮಂದಿ ಕ್ಯಾಮೆರಾ ಕಂಡ ಕೂಡ್ಲೇ ಮಾರಿ ಬಿಗಿ ಮಾಡ್ಕೊಂಡು ಕುಂದರ್ತಾರ. ಚಿಗರಿಗೆ ಗೊತ್ತs ಇರಂಗಿಲ್ಲ ನೋಡು, ತನ್ನ ಯಾರರ ನೋಡಾಕತ್ತಾರ ಅಂತ. ಅದು ಇದ್ದಂಗ ಇರ್ತೈತಿ."

ಇದು ವಾದವೇ ಅಲ್ಲ ಎಂದು ನಾನು ತೀರ್ಪು ಕೊಟ್ಟೆ. ಅವರು ನಕ್ಕು, "ಹಂಗಾದ್ರ ಬಾ, ನೋಡೀವಂತಿ" ಅಂದರು.

ಮಸ್ಕಿ ದಾಟಿ ಲಿಂಗಸುಗೂರ ದಾರಿಯಲ್ಲಿ ನಮ್ಮ ಕರಿಮಣ್ಣಿನ ಎರಿ ಹೊಲವಿತ್ತು. ಅದರ ಅಂಚಿನ ಬೀಳಿನಲ್ಲಿ ಒಂದು ಚಿಗರಿ ಹಿಂಡು, ಪುಸ್ತಕದಲ್ಲಿ ಕೃಷ್ಣಮೃಗ ಅನ್ನುತ್ತಾರಲ್ಲ, ಅವು. ಕಾಕಾ ವರ್ಷ ವರ್ಷವೂ ಕಡಲೆ ಹೂಬಿಡುವ ಕಾಲಕ್ಕೆ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ಹಿಂಡಿನ ಯಜಮಾನ ಕಪ್ಪನೆಯ ದೊಡ್ಡ ಗಂಡು. ತಿರುಪು ಕೋಡುಗಳಲ್ಲಿ ಒಂದರ ತುದಿ ಮುರಿದಿತ್ತು. ಅದು ಮರಿಯಾಗಿದ್ದಾಗ ಹೇಗಿತ್ತು ಎಂಬುದು ಕಾಕಾಗೆ ಗೊತ್ತಿತ್ತು. ಮಕ್ಕಳ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದರು.

ನಡೆದು ಹೋದರೆ ಚಿಗರಿ ದೂರದಿಂದಲೇ ಜಿಗಿದು ಮಾಯ. ಆದರೆ ದಿನವೂ ಹೊಲಕ್ಕೆ ಬರುವ ಎತ್ತಿನ ಬಂಡಿಗೆ ಅವು ಹೆದರುವುದಿಲ್ಲ. ಕಾಕಾ ನಮ್ಮ ಆಳಿನ ಬಂಡಿಯಲ್ಲಿ ಕಂಬಳಿ ಹೊದ್ದು, ಕಂಬಳಿಯೊಳಗೆ ಮಡಚುವ ಕ್ಯಾಮೆರಾ ಇಟ್ಟುಕೊಂಡು ಕೂತರು, ಪಕ್ಕದಲ್ಲಿ ನಾನು. ಬಂಡಿ ಹಿಂಡಿನ ಕಡೆಗೆ ನೇರ ಹೋಗಬಾರದು. ಹಿಂಡನ್ನು ನಡುವಿಟ್ಟು ದೊಡ್ಡ ಸುತ್ತು ಹಾಕಬೇಕು, ಆಮೇಲೆ ಸ್ವಲ್ಪ ಸಣ್ಣ ಸುತ್ತು, ಮತ್ತೂ ಸಣ್ಣದು. ಎತ್ತು ನಿಲ್ಲಬಾರದು, ಮನುಷ್ಯ ಮಾತಾಡಬಾರದು. ನನ್ನಂಥವನು ಮುಂಜಾನೆಯ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದೇ ಒಂದು ಪವಾಡ. ಪವಾಡಗಳನ್ನು ನಾನು ನಂಬುವುದಿಲ್ಲ. ಕೊನೆಗೆ ಅವು ಮೇಯುವ ಕರಕರ ಸದ್ದು ಕೇಳುವಷ್ಟು ಹತ್ತಿರ... ಕರಿಗಂಡು ತಲೆಯೆತ್ತಿ ನಮ್ಮನ್ನು ನೋಡಿತು, ಎತ್ತುಗಳನ್ನು ನೋಡಿತು, ಮತ್ತೆ ಕಡಲೆಗೆ ಬಾಯಿ ಹಾಕಿತು. ಕಾಕಾ ಕ್ಯಾಮೆರಾದ ಗುಂಡಿ ಒತ್ತಿದ ಸದ್ದು ಪಕ್ಕದಲ್ಲಿದ್ದ ನನಗೇ ಕೇಳಲಿಲ್ಲ.

ಬರುವಾಗ ಅವರು ಒಂದೇ ಮಾತು ಹೇಳಿದರು. "ಈ ಹಿಂಡೊಂದು ಇಲ್ಲಿ ಉಳದ್ರ ಸಾಕು ತಮ್ಮಾ. ನನಗ ಬ್ಯಾರೆ ಏನೂ ಬ್ಯಾಡ."

ಚಿತ್ರ ಚೆನ್ನಾಗಿ ಬಂತು. ಹಿಂದೆ ಮಸ್ಕಿಯ ಗುಡ್ಡ, ಮುಂದೆ ಹಿಂಡು. ದೊಡ್ಡದು ಮಾಡಿ ಅಂಗಡಿಯ ಬಾಗಿಲಿಗೆ ತೂಗುಹಾಕಿದರು. ಅಪ್ಪ ನೋಡಿ, "ನಮ್ಮ ಹೊಲ ಅಲ್ಲೇನ್ರೀ ಇದು?" ಎಂದು ಹಿಗ್ಗಿ, ತಮಗೂ ಒಂದು ಬೇಕು ಅಂದರು. ಕಾಕಾ ಚೌಕಟ್ಟು ಹಾಕಿ ತಂದು ಕೊಟ್ಟ ದಿನ ನಮ್ಮ ಪಡಸಾಲೆಯಲ್ಲಿ ಒಬ್ಬ ಅತಿಥಿ ಕೂತಿದ್ದ. ನಮ್ಮ ಕಡೆ ಆಗಷ್ಟೇ ಶುರುವಾಗಿದ್ದ ಕಾಲುವೆ ಕೆಲಸದ ಗುತ್ತಿಗೆದಾರ, ಆಂಧ್ರದ ಕಡೆಯವ. ಮಣ್ಣು ಹೊರುವ ಕೆಲಸಕ್ಕೆ ನಮ್ಮ ಬಂಡಿಗಳನ್ನು ಅವನು ಹಚ್ಚಿಕೊಳ್ಳಲಿ ಎಂಬುದು ಅಪ್ಪನ ಆಸೆ.

"ಇಷ್ಟು ಹತ್ತರ ಹೆಂಗಯ್ಯಾ ಹೋದಿ?" ಎಂದು ಅವನು ಬೆರಗಾಗಿ ಕೇಳಿದ. ಯಾರೂ ಕೇಳದ ಪ್ರಶ್ನೆಯನ್ನು ಒಬ್ಬರು ಕೇಳಿದರಲ್ಲ ಎಂದು ಕಾಕಾರ ಮುಖ ಅರಳಿತು. ಬಂಡಿ, ಕಂಬಳಿ, ಸುತ್ತಿನೊಳಗೆ ಸುತ್ತು... ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸಿದರು. ಗುತ್ತಿಗೆದಾರ ಬಗ್ಗಿ ಬಗ್ಗಿ ನೋಡಿದ.

ಮುಂದಿನ ವಾರ ಬಂಡಿ ಅದೇ ಹೊಲದಲ್ಲಿ ಅದೇ ಸುತ್ತು ಹಾಕಿತು. ಕಂಬಳಿಯೊಳಗೆ ಬಂದೂಕು ಇತ್ತು.

ಕರಿಗಂಡಿನೊಂದಿಗೆ ಇನ್ನೂ ಕೆಲವು ಬಿದ್ದವು. ಉಳಿದವು ಯಾವ ಕಡೆ ಓಡಿದವೋ. ನಮ್ಮದು ಮೊಟ್ಟೆಗೂ ಮೂಗು ಮುಚ್ಚುವ ಲಿಂಗವಂತರ ಮನೆ. "ಆ ಹೆಣ ನನ್ನ ಹೊಸ್ತಿಲ ಕಡೆ ತಂದ್ರ ನಾ ತವರಿಗೆ ಹೊಕ್ಕೀನಿ" ಎಂದು ಅವ್ವ ಗಟ್ಟಿಯಾಗಿ ಹೇಳಿದ್ದರಿಂದ ಊರ ಹೊರಗಿನ ನಮ್ಮ ಕಣದಲ್ಲಿ ಕರಿಗಂಡನ್ನು ಮಲಗಿಸಿದರು. ಶಿಕಾರಿ ಅಂದ ಮೇಲೆ ಫೋಟೋ ಆಗಲೇಬೇಕಲ್ಲ. ಮನೆಮಂದಿಯ ಫೋಟೋ ಎಂದಷ್ಟೇ ಹೇಳಿ ಕಾಕಾರನ್ನು ಕರೆಸಿದ್ದರು. ಅವರು ಮೂರುಕಾಲಿನ ಕ್ಯಾಮೆರಾ ಹೊತ್ತು ಕಣಕ್ಕೆ ಬಂದು, ಮುರಿದ ಕೋಡನ್ನು ನೋಡಿ ನಿಂತರು.

ಹಣೆ ತುಂಬ ವಿಭೂತಿ ಹಚ್ಚಿಕೊಂಡ ಅಪ್ಪ ಒಂದು ಬದಿಗೆ, ಬಂದೂಕು ಹಿಡಿದ ಗುತ್ತಿಗೆದಾರ ಇನ್ನೊಂದು ಬದಿಗೆ. ಚಿಗರಿಯ ತಲೆ ಜೋತು ಬೀಳುತ್ತಿತ್ತು. ಅಪ್ಪ ತಾವು ಮುಟ್ಟಲಿಲ್ಲ. "ಲೇ, ಕೋಡು ಹಿಡದು ಮಾರಿ ಎತ್ತು" ಎಂದು ನನಗೆ ಹೇಳಿದರು. ನಾನು ಹಿಡಿದೆ. ಕೋಡು ಇನ್ನೂ ಬಿಸಿಲಿಗೆ ಬೆಚ್ಚಗಿತ್ತು.

ಕಾಕಾ ಕ್ಯಾಮೆರಾ ಹೂಡಿ ಬಟ್ಟೆಯೊಳಗೆ ಹೊಕ್ಕರು. ಸ್ವಲ್ಪ ಹೊತ್ತಿಗೆ ಹೊರಬಂದು, ನನ್ನ ಹತ್ತಿರ ಬಗ್ಗಿ, ಹೆಬ್ಬೆರಳಿನಿಂದ ಚಿಗರಿಯ ಕಣ್ಣು ಮುಚ್ಚಿದರು. ಸಾವಿನ ಮನೆಯಲ್ಲಿ ಮುಚ್ಚುವಂತೆಯೇ, ಅಷ್ಟೇ ಹಗುರವಾಗಿ.

"ಏನಯ್ಯಾ, ಅದಕ್ಕೂ ವಿಭೂತಿ ಹಚ್ಚತೀಯೇನು?" ಎಂದು ಗುತ್ತಿಗೆದಾರ ನಕ್ಕ. ಸುತ್ತಲಿನವರೂ ನಕ್ಕರು. ಅಪ್ಪನೂ ನಕ್ಕರು. ಅಪ್ಪನ ಆ ನಗು... ಆ ಮನುಷ್ಯನ ಮಗ ನಾನು ಎಂಬುದು ಆ ಕ್ಷಣದಲ್ಲಿ ನನಗೆ ಸುಟ್ಟಹಾಗಾಯಿತು. ಕಾಕಾ ಮತ್ತೆ ಕರಿಬಟ್ಟೆಯೊಳಗೆ ಹೊಕ್ಕರು. ಫೋಟೋ ತೆಗೆದರು.

ಮರುದಿನ ಅಂಗಡಿಯ ಬಾಗಿಲಲ್ಲಿದ್ದ ಹಿಂಡಿನ ಚಿತ್ರ ಇರಲಿಲ್ಲ. ನಾನು ಸಮಾಧಾನ ಹೇಳಲು ಹೋದೆ. ನನಗೆ ಗೊತ್ತಿದ್ದ ಸಮಾಧಾನ ಒಂದೇ, ತರ್ಕ.

"ನೀವು ಬಂದೂಕು ಹಾರಿಸಿಲ್ಲ ಕಾಕಾ. ಫೋಟೋ ತೆಗ್ಯೂದ್ಹೆಂಗ ಅಂತ ಅಷ್ಟ ಹೇಳಿದ್ರಿ. ಅಪ್ಪ ಹೊಲ ತೋರಿಸ್ಯಾರ ಅಷ್ಟ, ಚಿಗರಿ ಬೆಳಿ ತಿಂತಾವ ಅಂತ ಅವರಿಗೂ ಕಾರಣ ಐತಿ. ಗುತ್ತಿಗೆದಾರಗ ಅದು ಶಿಕಾರಿ, ಎಲ್ಲಾರೂ ಮಾಡ್ತಾರ."

ಕಾಕಾ ಕತ್ತಲೆ ಕೋಣೆಯಲ್ಲಿ, ಔಷಧಿ ನೀರಿನ ತಟ್ಟೆಯೊಳಗೆ ಒಂದು ಫೋಟೋ ಕಾಗದವನ್ನು ಅಲ್ಲಾಡಿಸುತ್ತಿದ್ದರು. ನೀರಿನಲ್ಲಿ ನನ್ನ ಮುಖ ಮೂಡುತ್ತಿತ್ತು, ಅದರ ಕೆಳಗೆ ಆ ಕೋಡುಗಳು.

"ಅಂದ್ರ ಯಾರದೂ ತಪ್ಪಿಲ್ಲ ಅಂತೀಯೇನಪಾ?"

"ಹೌದ್ರಿ."

"ಮತ್ತ ಅವು ಯಾಕ ಸತ್ತೂ?"

ನಾನು ಎದ್ದು ಬಂದೆ. ಆಮೇಲೆ ಎಷ್ಟೋ ವೇದಿಕೆಗಳಲ್ಲಿ ಎಷ್ಟೋ ಪ್ರಶ್ನೆಗಳಿಗೆ ಚಪ್ಪಾಳೆ ಬೀಳುವಂಥ ಉತ್ತರ ಕೊಟ್ಟಿದ್ದೇನೆ.

ಕಾಕಾ ಮತ್ತೆ ಮಸ್ಕಿ ಬಸ್ಸು ಹತ್ತಲಿಲ್ಲ. ಹಿತ್ತಲ ಕಿಟಕಿಯ ಗೋಣಿಯನ್ನೂ ಬಿಚ್ಚಿಬಿಟ್ಟರು. ಅಷ್ಟು ಬೈಯುತ್ತಿದ್ದ ಕಾಕುವೇ ಬೇವಿನ ಕೆಳಗೆ ನೀರಿಟ್ಟು, "ಬಂದಾವ ನೋಡ್ರೀ, ಒಮ್ಮೆ ನೋಡರ ನೋಡ್ರಿ" ಅನ್ನುತ್ತಿದ್ದುದು ಗೋಡೆಯಾಚೆಯಿಂದ ನಮಗೆ ಕೇಳುತ್ತಿತ್ತು. ಒಂದೆರಡು ವರ್ಷದಲ್ಲಿ ಅಂಗಡಿ ಮುಚ್ಚಿ ಮುದಗಲ್ಲಿನ ಮಗಳ ಮನೆಗೆ ಹೋದರು. ಅಲ್ಲಿಯೇ ತೀರಿಕೊಂಡರು ಎಂಬುದು ಈ ಸಲ ರಜೆಗೆ ಊರಿಗೆ ಬಂದಾಗ ಅವ್ವ ಹೇಳಿ ಗೊತ್ತಾಯಿತು. "ಹೋಗಿ ಮಣ್ಣರ ಮಾಡಿ ಬರಬೇಕಿತ್ತು, ನಿಮ್ಮಪ್ಪ ಹೋಗಲಿಲ್ಲ" ಅಂದರು. ಸಿಂಧನೂರಿಗೆ ಕಾಲುವೆಯ ನೀರು ಬಂದಿದೆ. ಅಪ್ಪನ ಬಂಡಿಗಳು ಚೆನ್ನಾಗಿ ದುಡಿದವು. ನನ್ನ ಕಾಲೇಜೂ ಆ ದುಡಿತದಲ್ಲೇ ನಡೆದಿದೆ. ಹೊಲದ ಅಂಚಿನ ಬೀಳನ್ನು ಉತ್ತಾಗಿದೆ. ಚಿಗರಿಯನ್ನು ನೋಡಿದವರು ಯಾರೂ ಇಲ್ಲ.

ನಮ್ಮ ಪಡಸಾಲೆಯಲ್ಲಿ ಹಿಂಡಿನದು, ಶಿಕಾರಿಯದು ಎರಡೂ ಚಿತ್ರಗಳು ಅಕ್ಕಪಕ್ಕ ಇವೆ. ಬಂದವರಿಗೆ ಅಪ್ಪ ಮೊದಲು ಹಿಂಡನ್ನು ತೋರಿಸಿ, ಅದರಲ್ಲಿ ಮುರಿದ ಕೋಡಿನ ಗಂಡನ್ನು ಹುಡುಕಲು ಹೇಳಿ, ಆಮೇಲೆ ಪಕ್ಕದ ಚಿತ್ರಕ್ಕೆ ಬೆರಳು ತರುತ್ತಾರೆ. ಮೊನ್ನೆ ದಢೇಸುಗೂರಿನ ಭತ್ತದ ವ್ಯಾಪಾರಿಯೊಬ್ಬರು ಬಂದಿದ್ದರು.

"ಭಾರಿ ಐತಲ್ರೀ ಗೌಡ್ರ. ಯಾರು ತೆಗದದ್ದು?"

"ಇದ್ದ ಒಬ್ಬಾಂವ, ಬಾಜೂ ಮನ್ಯಾಗ. ಈಗಿಲ್ಲ."

ವ್ಯಾಪಾರಿ ಚಿತ್ರದ ಹತ್ತಿರ ಹೋಗಿ, ನನ್ನ ಕಡೆ ತಿರುಗಿ, ಮತ್ತೆ ಚಿತ್ರ ನೋಡಿದರು. "ಈ ಕೋಡು ಹಿಡದಾಂವ ನೀವs ಏನ್ರೀ?"

ಹೌದು, ನಾನೇ ಅಂದೆ.