ಇಲ್ಲದ ಬ್ರೇಕು

ಮಗಳು ಕಾರು ಕಲಿಯತೊಡಗಿದ ಮೇಲೆ ನನ್ನ ಬಲಗಾಲು ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ಪಕ್ಕದ ಸೀಟಿನಲ್ಲಿ ಕೂತ ನನ್ನ ಕಾಲಡಿ ಇದ್ದದ್ದು ಬರೀ ಮ್ಯಾಟು. ಆದರೂ ಮುಂದಿನ ಗಾಡಿಯ ಕೆಂಪು ದೀಪ ಹತ್ತಿದ್ದೇ ತಡ, ಕಾಲು ಆ ಮ್ಯಾಟನ್ನೇ ಬ್ರೇಕಿನಂತೆ ಒತ್ತಿ ಹಿಡಿಯುತ್ತಿತ್ತು. ಬಾಯಿ "ನಿಧಾನ, ನಿಧಾನ" ಎನ್ನುತ್ತಿತ್ತು.

ಹದಿನಾರರ ಹುಡುಗಿ ಎಷ್ಟು ದಿನ ಸಹಿಸಿಯಾಳು? ಒಂದು ಭಾನುವಾರ ನಮ್ಮೂರು ಪ್ಲೆಸೆಂಟನ್ನಿನ ಖಾಲಿ ಆಫೀಸು ಪಾರ್ಕಿನಲ್ಲಿ ಗಾಡಿ ನಿಲ್ಲಿಸಿ, "ಅಮ್ಮಾ, ಹೀಗೇ ಮಾಡಿದ್ರೆ ನಾನು ಅಪ್ಪನ ಜೊತೇನೇ ಕಲೀತೀನಿ" ಎಂದಳು. ನನಗೆ ಚುರುಕ್ಕೆಂದಿತು. ಅವಳು ಫೋನು ಬಿಟ್ಟು ನನ್ನ ಪಕ್ಕ ಒಂದು ಗಂಟೆ ಕೂರುತ್ತಿದ್ದದ್ದು ಈ ಕಾರಿನಲ್ಲಿ ಮಾತ್ರ. ಅದನ್ನು ಗಂಡನಿಗೆ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.

"ನಂಗೇನೂ ಭಯ ಇಲ್ವೇ. ಬೆಳಿಗ್ಗೆ ಕಾಫಿ ಸ್ಟ್ರಾಂಗ್ ಆಯ್ತು, ಅಷ್ಟೆ" ಎಂದೆ.

ಅವಳಿಗೆ ಸ್ಕೂಲಿನಲ್ಲಿ ಸೈಕಾಲಜಿ ಪಾಠ ಬೇರೆ. ಎದೆಯೊಳಗಿನ ಬಡಿತವನ್ನು ಸರಿಯಾಗಿ ಕೇಳಿಸಿಕೊಳ್ಳುವವರಿಗೆ ತಮ್ಮ ಮೈ ಎಲ್ಲಿಗೆ ಮುಗಿದು ಬೇರೆಯವರದು ಎಲ್ಲಿ ಶುರುವಾಗುತ್ತದೆ, ತಮಗೆ ಏನನ್ನಿಸುತ್ತಿದೆ ಎನ್ನುವುದೂ ಚೆನ್ನಾಗಿ ತಿಳಿಯುತ್ತದಂತೆ. "ನಾಡಿ ಮುಟ್ಟದೆ ಒಂದು ನಿಮಿಷ ಹಾರ್ಟ್ ಬೀಟ್ ಎಣ್ಸು. ನಿನ್ನ ಕೈಲಿರೋ ಸ್ಮಾರ್ಟ್ ವಾಚ್ ಜೊತೆ ಮ್ಯಾಚ್ ಆದ್ರೆ ಏನ್ ಬೇಕಾದ್ರೂ ಹೇಳು. ಆಗ್ಲಿಲ್ಲಾಂದ್ರೆ ಸಾಂಟಾ ಕ್ಲಾರಾ ಅಂಗಡಿವರೆಗೂ ನೋ ಟಾಕಿಂಗ್" ಎಂದು ಪಂಥ ಕಟ್ಟಿದಳು.

ಕಣ್ಣು ಮುಚ್ಚಿ ಎಣಿಸಿದೆ. ಎಂಥ ಹದವಾದ ಬಡಿತ! "ಎಪ್ಪತ್ತೆರಡು" ಎಂದೆ, ಜಂಬದಿಂದಲೇ.

ವಾಚು ನೂರಾ ಹದಿನೆಂಟು ಎನ್ನುತ್ತಿತ್ತು. ಅವಳು ನಗುತ್ತಾ ನನ್ನ ತೊಡೆಯತ್ತ ಬೆರಳು ತೋರಿಸಿದಳು. "ಅಮ್ಮಾ, ನೀನು ತಾಳ ಹಾಕ್ತಿದ್ದೆ!"

ನಿಜ. ಮೂವತ್ತು ವರ್ಷ ಸಂಗೀತ ಹಾಡಿದ ಕೈ, ಎಣಿಕೆ ಎಂದರೆ ಸಾಕು, ಆದಿತಾಳ ಶುರುಮಾಡುತ್ತದೆ. ಎಂಟೆಣಿಕೆಯ ಒಂಬತ್ತು ಆವರ್ತ, ಒಂದು ಪೆಟ್ಟೂ ತಪ್ಪಿರಲಿಲ್ಲ. ಎದೆ ಮಾತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು, ನನಗೆ ಸುದ್ದಿಯೇ ಇರಲಿಲ್ಲ.

ಸೋತವಳು ಬಾಯಿ ಮುಚ್ಚಬೇಕಷ್ಟೆ. ಫ್ರೀವೇಗೆ ಸೇರುವಾಗ ಪಕ್ಕದಲ್ಲೊಂದು ದೊಡ್ಡ ಟ್ರಕ್ಕು ಬಂತು. ತುಟಿ ಕಚ್ಚಿ ಕೂತೆ. ಅವಳ ಮುಖ ಮಾತ್ರ ಶಾಂತವಾಗಿತ್ತು. ಈ ಹುಡುಗಿಗೆ ಹೆದರಿಕೆ ಅನ್ನುವುದನ್ನೇ ನಾನು ಕಲಿಸಲಿಲ್ಲವಲ್ಲ ಎಂದು ಸಿಟ್ಟೂ ಬಂತು.

ಇಂಡಿಯನ್ ಅಂಗಡಿಯ ಮುಂದೆ ಎರಡು ಗೆರೆಗಳ ನಡುವೆ ಗಾಡಿಯನ್ನು ನೆಟ್ಟಗೆ ನಿಲ್ಲಿಸಿದಳು. ಪಂಥ ಮುಗಿದಿತ್ತು. ಶಭಾಷ್ ಅನ್ನೋಣವೆಂದು ಅವಳ ಮಣಿಕಟ್ಟು ಹಿಡಿದೆ. ಬೆರಳು ನಾಡಿಯ ಮೇಲೆ ಬಿತ್ತು. ಅದು ನನ್ನದಕ್ಕಿಂತ ಜೋರಾಗಿ ಓಡುತ್ತಿತ್ತು.

ಕಾರಿನೊಳಗಿದ್ದ ಭಯವೆಲ್ಲ ನನ್ನೊಬ್ಬಳದೇ ಎಂದುಕೊಂಡಿದ್ದೆ. ಅವಳು ನನ್ನ ಹೊಟ್ಟೆಯಲ್ಲಿದ್ದಾಗಲೂ ಈ ಬಡಿತ ನನಗೆ ತಾನಾಗಿ ಕೇಳಿಸಿರಲಿಲ್ಲ. ಡಾಕ್ಟರು ಮೆಷಿನ್ನು ಇಟ್ಟು ಕೇಳಿಸಿದ್ದರು.

"ಭಯ ಆಯ್ತೇನೇ?" ಇಷ್ಟು ದಿನದಲ್ಲಿ ಒಮ್ಮೆಯೂ ನಾನು ಇದನ್ನು ಕೇಳಿರಲಿಲ್ಲ.

"ಎವ್ರಿ ಟೈಮ್" ಎಂದಳು. ಕೈ ಬಿಡಿಸಿಕೊಳ್ಳಲಿಲ್ಲ.